ಕುದುರೆ ಡಾಕ್ಟರಮ್ಮ

ಜನವರಿ 8

ಗೂಬೆಮರಿ,

ನೀನು ಫೋನಿನಲ್ಲಿ ಹೇಳಿದ ಪುಸ್ತಕ ಟ್ರಂಕಿನ ತಳದಲ್ಲಿ ಸಿಕ್ಕಿತು. ಕಾಲೇಜಿಗೆ ಹೋಗುತ್ತಿದ್ದಾಗ ನೀನೇ ಹಾಕಿದ ಕಂದು ಕಾಗದದ ಹೊದಿಕೆ ಇನ್ನೂ ಬಿಗಿಯಾಗಿದೆ. ನಾಲ್ಕೂ ಮೂಲೆಗೆ ಗೋಂದು ಮೆತ್ತಿದ್ದೀಯ. ನಾನು ಬಿಚ್ಚಲು ಹೋಗಲಿಲ್ಲ. ಬಿಚ್ಚಿದರೂ ಇಂಗ್ಲಿಷು, ನನಗೆ ಅದು ಇರುವೆ ಸಾಲು.

"ಅಮ್ಮ, ನನ್ನ ಬಾಯಲ್ಲಿ ಹೇಳೋಕಾಗದೇ ಇರೋದೆಲ್ಲ ಅದರಲ್ಲಿದೆ. ಕೊನೇಲಿ ಒಬ್ಬ ಅಮ್ಮ ಬರ್ತಾಳೆ. ಅಲ್ಲಿವರೆಗೂ ಬಿಡದೆ ಓದು. ಓದಿ ಏನನ್ನಿಸ್ತು ಬರಿ. ಆಮೇಲೆ ನೀನು ನಮ್ಮನೆಗೆ ಬರೋ ವಿಷಯ ಮಾತಾಡೋಣ" ಅಂದೆ. ನೀನು "ನಮ್ಮನೆ" ಅಂದದ್ದು ನನಗೆ ಕೇಳಿಸಿತು. ನಮ್ಮ ಅಂದರೆ ಯಾರು ಯಾರು ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ನಿಮ್ಮಪ್ಪ ಇದ್ದಾಗ ಹತ್ತಿದ ಅಭ್ಯಾಸ, ಅವರು ಹೋದರೂ ಹೋಗಿಲ್ಲ.

ಪುಸ್ತಕವನ್ನು ಮಾಮನಿಗೆ ಕಳಿಸಿದ್ದೇನೆ. ಎರಡು ವರ್ಷ ಕಾಲೇಜಿಗೆ ಹೋಗಿ ಹೊಲಿಗೆ ಅಂಗಡಿಗೆ ಕೂತವನಾದರೂ ನಮ್ಮ ಪೈಕಿ ಇಂಗ್ಲಿಷ್ ಅಂದರೆ ಅವನೇ. ಅತ್ತೆ ತೀರಿಕೊಂಡಾಗಿನಿಂದ ಕತ್ತರಿ ಮುಟ್ಟಿಲ್ಲ, ಅಂಗಡಿಯ ಬಾಗಿಲು ಅರ್ಧ ತೆರೆದುಕೊಂಡು ಕೂತಿರುತ್ತಾನೆ. ನಮ್ಮ ಭಾಷೆಗೆ ಮಾಡಿ, ಆದಷ್ಟು ಪುಟ ಆದ ಹಾಗೆ ಅಂಚೆಗೆ ಹಾಕುತ್ತಾನಂತೆ. ಇದು ನಿನ್ನ ಪುಸ್ತಕ ಎಂದು ಹೇಳಿಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತು, ಹೊತ್ತು ಹೋಗಲ್ಲ, ಏನು ಕಥೆಯೋ ನೋಡು ಅಂದಿದ್ದೇನೆ. ನಮ್ಮಿಬ್ಬರ ಮಾತು ನಮ್ಮಿಬ್ಬರಲ್ಲೇ ಇರಲಿ.

ನಿನ್ನನ್ನು ನಿನ್ನ ಮನೆಯಲ್ಲೇ ನೋಡುವ ಆಸೆಯಿಂದ,
ಅಮ್ಮ


ಫೆಬ್ರವರಿ 2

ಪ್ರಿಯ ಗ್ರಾಮರ್,

ಆಯುಷ್ಯವೆಲ್ಲ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದ ನಿನಗೆ, ಅದೇ ಬೆಂಚಿನಿಂದ ಅರ್ಧಕ್ಕೇ ಎದ್ದುಹೋದ ದರ್ಜಿ ಬರೆಯುತ್ತಿರುವ ಕಾಗದ. ನಗುವುದಿದ್ದರೆ ಈಗಲೇ ನಕ್ಕು ಮುಗಿಸು, ಮುಂದೆ ಸಂದೇಹಗಳಿವೆ. ಫೋನು ಮಾಡಬೇಡ, ನನ್ನ ಕಿವಿ ಈಗ ಕನ್ನಡಕ ಸಿಕ್ಕಿಸಲು ಮಾತ್ರ ಉಪಯೋಗ.

ಅಕ್ಕ ಒಂದು ಇಂಗ್ಲಿಷ್ ಕಾದಂಬರಿ ಕಳಿಸಿದ್ದಾಳೆ, ಹಳೇ ಅಂಗಡಿಯಲ್ಲಿ ಕೊಂಡದ್ದಂತೆ. ಮೇಲೆ ಅಂಟಿಸಿದ್ದ ಕಂದು ಕಾಗದವನ್ನು ಕೆಟಲಿನ ಆವಿಗೆ ಹಿಡಿದು ಬಿಡಿಸಿದೆ. ಒಳಗೆ ಮುಖಪುಟದಲ್ಲಿ ಇಬ್ಬರು ಗಂಡಸರು. ಒಬ್ಬನ ಅಂಗಿಗೆ ಗುಂಡಿಯೇ ಹಾಕಿಲ್ಲ. ನಾನು ಮೊದಲು ನೋಡಿದ್ದು ಕಾಜಾ, ನೆಟ್ಟಗೆ ಹೊಲಿದಿರಲಿಲ್ಲ. ಅವರು ಒಬ್ಬರನ್ನೊಬ್ಬರು ನೋಡುತ್ತಿದ್ದ ಪರಿ ಆಮೇಲೆ ಕಣ್ಣಿಗೆ ಬಿತ್ತು. ಪಾಪ, ಅಕ್ಕ ಏನೆಂದು ತಿಳಿಯದೆ ತಂದಿದ್ದಾಳೆ ಅಂದುಕೊಂಡೆ.

ಕಥೆ ಇಷ್ಟು. ಒಬ್ಬ ಕುದುರೆ ಡಾಕ್ಟರು, ಮಹಾ ಸಿಡುಕ. ಇನ್ನೊಬ್ಬ ದೊಡ್ಡ ಊರಿನ ವಕೀಲ, ಅಜ್ಜನ ವಸತಿಗೃಹ ಮಾರಲು ಬಂದವನು. ಮೊದಲ ಪುಟದಲ್ಲೇ ಜಗಳ. ಹಿಮ ಬಿದ್ದು ರಸ್ತೆ ಮುಚ್ಚುತ್ತದೆ. ಅಷ್ಟು ದೊಡ್ಡ ವಸತಿಗೃಹದಲ್ಲಿ ಸೋರದ ಕೋಣೆ ಒಂದೇ, ಮಂಚವೂ ಒಂದೇ. ಯಾರೋ ಅಜ್ಜಿಯ ಸಮಾಧಾನಕ್ಕೆ ತಾವಿಬ್ಬರೂ ಜೋಡಿ ಎಂದು ನಾಟಕ ಆಡುತ್ತಾರೆ, ನಾಟಕ ನಿಜವಾಗುತ್ತದೆ. ಮುಕ್ಕಾಲು ಪುಸ್ತಕದ ಹೊತ್ತಿಗೆ ಅರ್ಧ ಮಾತು ಕೇಳಿಸಿಕೊಂಡು ಮುನಿಸು. ಕೊನೆಗೆ ರೈಲು ನಿಲ್ದಾಣದಲ್ಲಿ ಓಟ. ಹಿಂದಿನ ಪುಟದಲ್ಲಿ ಅದೇ ಕಂಪನಿಯ ಇನ್ನಷ್ಟು ಪುಸ್ತಕಗಳ ಜಾಹೀರಾತು ಇದೆ. ಎಲ್ಲದರಲ್ಲೂ ಹಿಮ, ಎಲ್ಲದರಲ್ಲೂ ಒಂದೇ ಮಂಚ. ಆ ಕಡೆ ಬಡಗಿಗಳಿಗೇ ಬರ ಬಂದಿರಬೇಕು.

ಇದು ಸಾಹಿತ್ಯವೇ ಅಲ್ಲ ಅನ್ನುತ್ತೀಯ. ಒಪ್ಪಿದೆ. ಆದರೆ ಮೊದಲ ಸಲ ಮುಗಿಸಿದ ಕೂಡಲೇ ನಾನು ಮತ್ತೆ ಮೊದಲಿನಿಂದ ಹಿಡಿದೆ. ಯಾಕೆಂದು ಕೇಳು. ಕೊನೆಗೆ ಏನಾಗುತ್ತದೆ ಎಂದು ಮೊದಲ ಪುಟದಲ್ಲೇ ಗೊತ್ತಿರುತ್ತದೆ. ನನ್ನವಳು ಆಸ್ಪತ್ರೆಯಲ್ಲಿದ್ದಾಗ ಪ್ರತಿಯೊಬ್ಬ ಡಾಕ್ಟರೂ ನನ್ನನ್ನು ಸಸ್ಪೆನ್ಸಿನಲ್ಲಿಟ್ಟರು. "ನೋಡೋಣ" ಅನ್ನುತ್ತಿದ್ದರು. ನೋಡಿದೆವಲ್ಲ. ನನಗೆ ಇನ್ನು ಕುತೂಹಲ ಸಾಕು. ಈ ಬರಹಗಾರ್ತಿ ಅವರಿಬ್ಬರನ್ನೂ ಎಷ್ಟು ಗೋಳು ಹುಯ್ದುಕೊಂಡರೂ ಕೈಬಿಡುವುದಿಲ್ಲ ಎಂಬ ಧೈರ್ಯದಲ್ಲಿ ಓದಬಹುದು.

ಇನ್ನೊಂದು. ಇಬ್ಬರೂ ಗಂಡಸರಾದ್ದರಿಂದ ಬೆಳಗ್ಗೆ ಎದ್ದು ಚಹಾ ಮಾಡುವವರು ಯಾರು ಎಂದು ಯಾರೂ ಮೊದಲೇ ತೀರ್ಮಾನಿಸಿಟ್ಟಿಲ್ಲ. ಪ್ರತಿ ಸಲವೂ ಒಬ್ಬ ಇನ್ನೊಬ್ಬನಿಗಾಗಿ ಏಳಬೇಕು. ಅದನ್ನು ಓದುವಾಗ ಒಂಥರಾ ಆಯಿತು. ನಾನು ಅವಳಿಗಾಗಿ ಎದ್ದದ್ದು ಅವಳು ಏಳಲಾರದ ಹಾಗೆ ಆದ ಮೇಲೆ.

ಈಗ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗ, ನಮ್ಮ ಗೂಬೆ, ಬೇರೆ ಊರಿನಲ್ಲಿ ಒಬ್ಬ ಗೆಳೆಯನ ಜೊತೆ ಇದ್ದಾನಲ್ಲ, ಅದು ಬರೀ ಗೆಳೆತನವಲ್ಲ. ನನ್ನವಳ ಹತ್ತಿರ ಹೇಳಿಕೊಂಡಿದ್ದ, ಅವಳು ನನಗೆ ಹೇಳಿದ್ದಳು. ಅಕ್ಕನಿಗೆ ಗೊತ್ತಿಲ್ಲ. ಈ ಕಥೆ ಓದಿ ಎಲ್ಲಿ ಅನುಮಾನ ಹುಟ್ಟಿ ಕುಸಿದು ಕೂರುತ್ತಾಳೋ ಎಂದು ನಾನು ಕುದುರೆ ಡಾಕ್ಟರನ್ನು ಡಾಕ್ಟರಮ್ಮ ಮಾಡಿಬಿಟ್ಟಿದ್ದೇನೆ. ಗಂಡಸಿನ ಕೋಟು ಬಿಚ್ಚಿ ಹೆಂಗಸಿನ ಅಳತೆಗೆ ಕೂರಿಸುವುದು ನನಗೆ ಹೊಸತೇನಲ್ಲ. ವಿಚಿತ್ರ ಅಂದರೆ, ಬದಲಾಯಿಸಿದ ಮರುಪುಟದಿಂದ ಚಹಾ ಮಾಡುವ ಕೆಲಸ ಪೂರ್ತಿ ಅವಳ ಪಾಲಾಗಿದೆ. ನಾನು ಹಾಗೆ ಯೋಚಿಸಿ ಬರೆದದ್ದಲ್ಲ, ಪೆನ್ನು ತಾನೇ ಆ ಕಡೆ ವಾಲಿತು.

ಕೊನೆಯಲ್ಲಿ ಒಂದು ಅಧ್ಯಾಯ ಮಾತ್ರ ಕೂರುತ್ತಿಲ್ಲ. ವರ್ಷಗಟ್ಟಲೆ ಮಗನ ಮುಖ ನೋಡದ ವಕೀಲನ ತಾಯಿ ಬಂದು ಬಾಗಿಲು ತಟ್ಟುತ್ತಾಳೆ. ಡಾಕ್ಟರಮ್ಮನಂಥ ಸೊಸೆ ಸಿಕ್ಕರೆ ಯಾವ ತಾಯಿ ಯಾಕೆ ಮುನಿದಾಳು? ಕಾರಣವಿಲ್ಲದ ಮುನಿಸು ಓದುವವರಿಗೆ ಹಿಡಿಸುವುದಿಲ್ಲ. ತೆಗೆದೇಬಿಡುತ್ತೇನೆ, ಹೊಲಿಗೆ ಕಾಣಿಸದು.

ಸಂದೇಹಗಳನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಡೆಸ್ಪೈಟ್ ಅಂದರೂ ಡಿಸ್ಪೈಸ್ ಅಂದರೂ ದ್ವೇಷವೇ ಅಂದುಕೊಂಡು ಅವರನ್ನು ಎರಡು ಪುಟ ಸುಮ್ಮನೆ ಜಗಳವಾಡಿಸಿದ್ದೇನೆ. ಬೇಗ ತಿದ್ದಿ ಕಳಿಸು.

ಬೆಂಚಿನ ಆ ತುದಿಯವ


ಮಾರ್ಚ್ 11

ಅಕ್ಕಾ,

ಹಿಮದ ಅಧ್ಯಾಯ ಇದರ ಜೊತೆಗಿದೆ. ನಿನ್ನ ತಕರಾರುಗಳಿಗೆ ಉತ್ತರ.

ಡಾಕ್ಟರಮ್ಮ ಬೆಳಗ್ಗೆ ಕನ್ನಡಿ ಮುಂದೆ ಗಡ್ಡ ಕೆರೆಯುವುದು ಯಾಕೆ ಎಂದು ಕೇಳಿದ್ದೀಯ. ಅದು ನನ್ನ ಇಂಗ್ಲಿಷಿನ ಎಡವಟ್ಟು. ಕುದುರೆಗೆ ಮಾಡುವ ಕ್ಷೌರ ಅದು. ಕುದುರೆ ಕನ್ನಡಿ ಮುಂದೆ ಯಾಕೆ ನಿಂತಿತ್ತು ಎಂದು ಮರು ಟಪಾಲಿಗೆ ಕೇಳಬೇಡ. ಅವಳ ಭುಜ ಬಾಗಿಲಿಗೆ ತಾಗುವಷ್ಟು ಅಗಲ ಇರುವುದು ಕೆಲಸದಿಂದ. ಕುದುರೆಯ ಹೆರಿಗೆ ಮಾಡಿಸುವುದು ಅಂದರೇನು, ಹತ್ತಿ ಬಿಡಿಸುವ ಕೆಲಸವೇ? ನೀನು ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಹೊದಿಕೆ ಎತ್ತೀ ಎತ್ತೀ ನಿನ್ನ ಭುಜವೂ ಕಮ್ಮಿಯಿರಲಿಲ್ಲ. ಭಾವ ನಿನ್ನ ಮುಂದೆ ನಿಂತರೆ ಹ್ಯಾಂಗರಿಗೆ ತೂಗುಹಾಕಿದ ಅಂಗಿಯ ಹಾಗೆ ಕಾಣುತ್ತಿದ್ದರು.

"ಇವಳು ಎಷ್ಟು ಒಳ್ಳೆಯ ಹುಡುಗಿ, ಮಾತು ಒರಟು ಅಷ್ಟೇ" ಎಂದು ಬರೆದಿದ್ದೀಯ. ಹೌದು. ನನಗೂ ಹಿಡಿಸಿದ್ದಾಳೆ. ಪುಟ ಮಾಡಿ ಲಕೋಟೆಗೆ ಹಾಕುವ ನೆಪದಲ್ಲಿ ಬೆಳಗ್ಗೆ ಎದ್ದು ಮುಖ ತೊಳೆಯುತ್ತಿದ್ದೇನೆ. ಅಂಚೆಯವ ನಿನ್ನೆ ಸನ್ನೆಯಲ್ಲಿ ಕೇಳಿದ, ಯಾರಿಗೆ ಇಷ್ಟು ದಪ್ಪ ಪ್ರೇಮಪತ್ರ ಎಂದು. ನಮ್ಮಕ್ಕನಿಗೆ ಅಂದೆ. ನಂಬಲಿಲ್ಲ.

ಇನ್ನು ಸ್ವಲ್ಪವೇ ಉಳಿದಿದೆ. ಎಲ್ಲ ಸುಖವಾಗಿ ಮುಗಿಯುತ್ತದೆ, ಹೆದರಬೇಡ.

ನಿನ್ನ ಕಿವುಡು ತಮ್ಮ


ಏಪ್ರಿಲ್ 19

ನನ್ನ ಗೂಬೆಮರಿ,

ಪುಸ್ತಕ ಓದಿ ಮುಗಿಸಿದೆ. ರೈಲು ನಿಲ್ದಾಣದಲ್ಲಿ ವಕೀಲ ಓಡಿ ಬರುವಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಡಾಕ್ಟರಮ್ಮ ಅವನಿಗೆ ಬೈದು, ಬೈಯುತ್ತಲೇ ಅವನ ಕೋಟಿನ ಹಿಮ ಕೊಡವುತ್ತಾಳಲ್ಲ, ಅದನ್ನು ಎಷ್ಟು ಸಲ ಓದಿದೆನೋ.

ಕೊನೆಯಲ್ಲಿ ಅಮ್ಮ ಬರುತ್ತಾಳೆ ಅಂದಿದ್ದೆ. ಎಲ್ಲೂ ಸಿಗಲಿಲ್ಲ. ಬೇರೆ ಯಾವುದೋ ಪುಸ್ತಕದ ನೆನಪಿರಬೇಕು ನಿನಗೆ.

ನಾನೊಬ್ಬಳು ಪೆದ್ದಿ. ಇಷ್ಟು ವರ್ಷ ಮನಸ್ಸಿನಲ್ಲಿ ಏನೇನೋ ಅಂದುಕೊಂಡು, ಹೊರಗೆ ಹೇಳಲಾರದೆ ಬೇಯುತ್ತಿದ್ದೆ. ನೀನು ಹೇಳಲಾರದ್ದು ಇದಾ? ಹುಡುಗಿ ನಿನಗಿಂತ ದೊಡ್ಡವಳಾ? ಒರಟು ಮಾತಿನವಳಾ? ಮೊದಲೇ ಮದುವೆಯಾಗಿದ್ದವಳಾ? ಏನಿದ್ದರೂ ನನಗೇನೂ ಇಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ. ಈ ಬೆಳಗ್ಗೆ ಕೆಲಸ ಮಾಡುತ್ತಾ ಹಾಡುತ್ತಿದ್ದೆ. ಪಕ್ಕದ ಮನೆಯವಳು ಕಿಟಕಿಯಲ್ಲಿ ತಲೆ ಹಾಕಿ "ಏನ್ರೀ ವಿಶೇಷ" ಅಂದಳು.

ಅವಳ ಹೆಸರೇನು? ಅವಳನ್ನು ನೋಡಲು ಯಾವತ್ತು ಬರಲಿ?

ಹಾಡುತ್ತಿರುವ ನಿನ್ನಮ್ಮ


ಮೇ 6

ಅಮ್ಮ,

ಆ ಪುಸ್ತಕದಲ್ಲಿ ಹುಡುಗಿ ಇಲ್ಲ. ನಿನಗೆ ಅದು ಗೊತ್ತು. ಮಾಮ ಕಥೆ ಬದಲಾಯಿಸುವವರಲ್ಲ. ಇಬ್ಬರು ಗಂಡಸರ ಕಥೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ, ಅದರೊಳಗಿನಿಂದ ಒಬ್ಬ ಹುಡುಗಿಯನ್ನು ಹೊರಗೆ ಎಳೆದು ತಂದಿದ್ದೀಯ. ಅಮ್ಮ ಬರುವ ಅಧ್ಯಾಯವನ್ನು ಇಲ್ಲವೇ ಇಲ್ಲ ಅನ್ನುತ್ತೀಯ. ಅಪ್ಪ ಹೊಡೆಯುತ್ತಿದ್ದರು, ಬೈಯುತ್ತಿದ್ದರು, ಆದರೆ ಇದ್ದದ್ದನ್ನು ಇದೆ ಅನ್ನುತ್ತಿದ್ದರು.

ಹದಿನೆಂಟನೇ ವಯಸ್ಸಿನಲ್ಲಿ ಆ ಪುಸ್ತಕವನ್ನು ಕಂದು ಕಾಗದದೊಳಗೆ ಬಚ್ಚಿಟ್ಟುಕೊಂಡು ಓದುತ್ತಿದ್ದೆ. ಕೆಟ್ಟ ಪುಸ್ತಕ ಅಂತ ಆಗಲೂ ಗೊತ್ತಿತ್ತು. ಬೇರೆಲ್ಲ ಕಥೆಗಳಲ್ಲಿ ನನ್ನಂಥವರು ನೀರಿಗೆ ಬೀಳುತ್ತಿದ್ದರು, ಇಲ್ಲ ನಗೆಪಾಟಲಾಗುತ್ತಿದ್ದರು. ಅದೊಂದರಲ್ಲಿ ಮಾತ್ರ ಜಗಳ ಆಡಿ, ಒಂದೇ ಹೊದಿಕೆಗೆ ಎಳೆದಾಡಿ, ಕೊನೆಗೆ ಮನೆ ಮಾಡಿಕೊಳ್ಳುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ನಿನ್ನ ಕಾಗದದಲ್ಲಿ ಇರುವಷ್ಟು ಖುಷಿಯನ್ನು ನಾನು ನಿನ್ನಲ್ಲಿ ಯಾವತ್ತೂ ನೋಡಿರಲಿಲ್ಲ. ನಾನು ನಾನಲ್ಲ ಅಂದುಕೊಂಡ ದಿನ ನೀನು ಹಾಡಿದೆ. ಇದನ್ನು ಮರೆಯೋದು ಹೇಗೆ ಅಂತ ಹೇಳಿಕೊಡು.

ಇನ್ನು ಫೋನ್ ಮಾಡುವುದಿಲ್ಲ.

ನಿನ್ನ ಮಗ


ಮೇ 14

ತಮ್ಮಾ,

ಗೂಬೆಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದಿ ವಾಪಸು ಕಳಿಸು. ಅದು ಅವನದ್ದೇ ಪುಸ್ತಕ. ಅದನ್ನು ಓದಿದರೆ ಅವನ ಬದುಕು ತಿಳಿಯುತ್ತದೆ, ತಿಳಿದ ಮೇಲೆ ಮನೆಗೆ ಬಾ ಎಂದು ನನಗೆ ಹೇಳಿದ್ದ.

ನೀನು ಚಿಕ್ಕಂದಿನಿಂದ ನನಗೆ ಹೇಳಿದ ಸುಳ್ಳುಗಳೆಲ್ಲ ನನಗೆ ಗೊತ್ತು. ಅಪ್ಪನ ಮುಂದೆ ನಿನ್ನ ಪರವಾಗಿ ನಾನೇ ಅವನ್ನು ಹೇಳಿದ್ದೇನೆ. ಈ ಸಲದ್ದು ಆ ಜಾತಿಯದ್ದಲ್ಲ. ಕುದುರೆಗೆ ಕ್ಷೌರ ಅಂದೆ. ನಾನು ನಕ್ಕು ನಂಬಿದೆ. ಲಾಂಡ್ರಿಯಲ್ಲಿ ಬಟ್ಟೆ ಗುರುತಿಸಿ ಹೊಟ್ಟೆ ಹೊರೆದವಳು ನಾನು, ಭುಜದ ಹತ್ತಿರ ಹೊಲಿಗೆ ಎಳೆಯುತ್ತಿದ್ದದ್ದು ಕಂಡರೂ ತಮ್ಮ ಹೊಲಿದದ್ದಲ್ಲವಾ ಅಂತ ಸುಮ್ಮನಾದೆ.

ನನ್ನಿಂದ ತಡೆದುಕೊಳ್ಳಲು ಆಗಲ್ಲ ಎಂದು ಯಾರನ್ನು ಕೇಳಿ ತೀರ್ಮಾನಿಸಿದೆ? ನನಗೆ ಗೊತ್ತಿತ್ತು ಕಣೋ. ಅವನು ಮನೆ ಬಿಟ್ಟ ವರ್ಷದಿಂದ ಗೊತ್ತಿತ್ತು. ಬಾಯಿಬಿಟ್ಟು ಅನ್ನಲು ಧೈರ್ಯ ಇರಲಿಲ್ಲ, ಅಷ್ಟೇ. ಅದನ್ನೇ ಆ ಪುಸ್ತಕದಿಂದ ಕಲಿಯಲು ಹೊರಟಿದ್ದೆ. ನಿನ್ನ ಪುಟ ಓದಿದ ಮೇಲೆ, ನನಗೆ ಗೊತ್ತಿದ್ದದ್ದೇ ತಪ್ಪು ಅಂದುಕೊಂಡೆ. ಖುಷಿಪಟ್ಟೆ. ಆ ಖುಷಿಯನ್ನು ಅವನಿಗೆ ಬರೆದು ಕಳಿಸಿದೆ. ಅವನ ಎದೆಗೆ ಚುಚ್ಚಿದ್ದು ನನ್ನ ಕೈ, ಸೂಜಿ ಕೊಟ್ಟವನು ನೀನು.

ಆ ಅಧ್ಯಾಯ ಎಲ್ಲಿದೆ?

ಅಕ್ಕ


ಮೇ 22

ಅಕ್ಕಾ,

ಹಳೇ ಅಂಗಡಿಯಲ್ಲಿ ಸಿಕ್ಕಿತು ಎಂದು ನೀನು ಬರೆದಿದ್ದೆ. ಅಲ್ಲಿಂದ ಶುರುಮಾಡು. ಒಂದು ಸಾಲು, ಇದು ಗೂಬೆಯ ಪುಸ್ತಕ ಎಂದು ಒಂದು ಸಾಲು ಬರೆದಿದ್ದರೆ ನಾನು ಕತ್ತರಿ ಎತ್ತುತ್ತಿರಲಿಲ್ಲ. ನನ್ನಿಂದಲೂ ಮುಚ್ಚಿಟ್ಟೆಯಲ್ಲ, ಅದಕ್ಕೇನು ಹೆಸರು? ಊರಿಗೆಲ್ಲ ಹೇಳುವವನು ನಾನು ಅಂತಲಾ? ಅವನು ನನ್ನವಳಿಗೆ ಯಾವಾಗಲೋ ಹೇಳಿದ್ದ, ಅವಳು ನನಗೆ. ಇಷ್ಟು ವರ್ಷ ನಾನು ಬಾಯಿಬಿಟ್ಟಿದ್ದೇನಾ?

ಇದನ್ನು ಬರೆದ ಮೇಲೆ ಹಾಳೆ ಹರಿಯಬೇಕು ಅಂದುಕೊಂಡೆ. ಅವಳಿಗೆ ಮೊದಲು ಹೇಳಿದ ಅನ್ನುವುದು ನಿನಗೆ ಎಲ್ಲಿ ತಾಗುತ್ತದೆ ಎಂದು ಗೊತ್ತು. ಹರಿಯಲಿಲ್ಲ. ನಿನ್ನಿಂದ ಏನನ್ನೂ ತೆಗೆದಿಟ್ಟು ಕಳಿಸುವುದು ಇನ್ನು ನನ್ನಿಂದಾಗದು.

ನಿನ್ನ ಕಾಗದ ಬಂದ ದಿನದಿಂದ ಬೇರೇನೂ ಮಾಡದೆ ಆ ಅಧ್ಯಾಯ ಮಾಡಿದೆ. ಗ್ರಾಮರ್ ತಾನೇ ಬಂದು ಪಕ್ಕದಲ್ಲಿ ಕೂತಿದ್ದ. ನಾನು ಮಾಡಿದ ಕೆಲಸ ಕೇಳಿ, ನನ್ನ ಕಿವಿಗೆ ಬಾಯಿಟ್ಟು, ಇಡೀ ಬೀದಿಗೆ ಕೇಳುವ ಹಾಗೆ, "ಫೇಲ್" ಅಂದ. ಅಷ್ಟು ಹೇಳಿ ಪೆನ್ಸಿಲು ತೆಗೆದುಕೊಂಡ. ಕುದುರೆ ಡಾಕ್ಟರು ಇದರಲ್ಲಿ ಗಂಡಸೇ. ಬಾಗಿಲು ತೆರೆಯುವವನು ಅವನು. ಚಹಾ ಮಾಡಲು ಏಳುವವನು ಆ ದಿನ ವಕೀಲ.

ಒಂದು ಮಾತು ಮಾತ್ರ ನೆನಪಿಟ್ಟುಕೋ. ಆ ತಾಯಿ ಹೊಸ್ತಿಲಲ್ಲಿ ನಿಂತು ಅರ್ಧ ಪುಟ ಮಾತಾಡುತ್ತಾಳೆ. ತುಂಬ ಚೆಂದದ ಮಾತು. ಮುಗಿದ ಕೂಡಲೇ ಮಗ ಅಪ್ಪಿಕೊಳ್ಳುತ್ತಾನೆ. ಇಂಥ ಪುಸ್ತಕಗಳು ಹಾಗೇ ನಡೆಯಬೇಕು, ಅದಕ್ಕೇ ಜನ ಕೊಳ್ಳುತ್ತಾರೆ, ಅದಕ್ಕೇ ನಾನೂ ಓದಿದೆ. ಅದನ್ನು ನೆಚ್ಚಿಕೊಂಡು ಬಸ್ಸು ಹತ್ತಬೇಡ. ನಿನಗೆ ಮತ್ತೊಮ್ಮೆ ಪೆಟ್ಟಾಗುವುದನ್ನು ನಾನು ನೋಡಲಾರೆ.

ಇದೂ ನಿನ್ನ ಪರವಾಗಿ ನಾನು ತೀರ್ಮಾನಿಸಿದ ಹಾಗಾಯಿತೇನೋ. ಹಾಗಿದ್ದರೆ ಈ ಸಾಲು ಓದಬೇಡ.

ಅಧ್ಯಾಯದ ಜೊತೆ ಗೂಬೆಯ ಕಾಗದ, ಪುಸ್ತಕ ಎರಡನ್ನೂ ವಾಪಸು ಇಟ್ಟಿದ್ದೇನೆ.

ತಮ್ಮ


ಜುಲೈ 11

ತಮ್ಮಾ,

ಗೂಬೆಯ ಮನೆಯಿಂದ ಬರೆಯುತ್ತಿದ್ದೇನೆ.

ಬಾಗಿಲು ತೆರೆದವನು ಆ ಹುಡುಗ. ಹುಡುಗ ಅನ್ನುತ್ತೇನೆ, ತಲೆ ಅರ್ಧ ಬೋಳು. ಹಲ್ಲಿನ ಸೆಟ್ ಮಾಡುವ ಕೆಲಸ ಅವನದ್ದು, ಕೈಯೆಲ್ಲ ಬಿಳಿ ಪುಡಿ. ಒಳಗಿನಿಂದ ಗೂಬೆ "ಯಾರೋ ಅದು" ಅಂದ. ಇವನು "ನಿಮ್ಮಮ್ಮ" ಅಂದ. ಗೂಬೆ ಹೊರಗೆ ಬಂದ. ಕನ್ನಡಕ ಬದಲಾಗಿದೆ, ಕಿವಿ ಹತ್ತಿರ ಕೂದಲು ಬೆಳ್ಳಗಾಗಿದೆ.

"ಮಾಮ ಬದಲಾಯಿಸಿದ್ದ. ನನಗೆ ಗೊತ್ತಿರಲಿಲ್ಲ" ಅಂದೆ.

"ಕಥೆ ಮಾಮ ಬದಲಾಯಿಸಿದ್ರು. ಹಾಡಿದ್ದು ನೀನು ತಾನೆ?"

ಆ ತಾಯಿಯ ಅರ್ಧ ಪುಟವನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದಕ್ಷರ ಬರಲಿಲ್ಲ. ಅದು ಬೇರೆಯವಳ ಮಾತು, ಅವಳು ಯಾವತ್ತೂ ಹಾಡಿರಲಿಲ್ಲ.

"ಹೂಂ, ನಾನೇ" ಅಂದೆ. "ಖುಷಿಯಾಗಿತ್ತು. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಈಗ ಅದನ್ನ ನುಂಗೋಕೂ ಆಗ್ತಿಲ್ಲ, ಉಗುಳೋಕೂ ಆಗ್ತಿಲ್ಲ."

ಅಪ್ಪಿಕೊಳ್ಳಲಿಲ್ಲ. ಅಳಲೂ ಇಲ್ಲ. "ಚಪ್ಪಲಿ ಒಳಗೆ ಬಿಡು. ಹೊರಗಡೆ ನಾಯಿ ಎತ್ಕೊಂಡು ಹೋಗುತ್ತೆ" ಎಂದು ಹೇಳಿ ಒಳಗೆ ಹೋದ. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದೆ ಹೋದೆ.

ಇಲ್ಲಿ ಮನೆಯಲ್ಲಿ ಎಲ್ಲ ಎರಡೆರಡು ಇವೆ, ಬೆಳಗ್ಗೆ ಜಗಳ ಮಾತ್ರ ಒಂದೇ, ಬಚ್ಚಲಿಗೆ ಮೊದಲು ಯಾರು ಎಂದು. ಗೂಬೆ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾನೆ. ನೀರು ಬಿಸಿಯಿದೆ ಅನ್ನುತ್ತಾನೆ, ಮಾತ್ರೆ ತಗೊಂಡ್ಯಾ ಅನ್ನುತ್ತಾನೆ. ಆ ಹುಡುಗ ನನ್ನ ಕೆಳಗಿನ ಸೆಟ್ ಒಮ್ಮೆ ಬಾಯಿಂದ ತೆಗೆಸಿ ನೋಡಿ, "ಇದನ್ನ ಮಾಡಿದವನು ಯಾರಮ್ಮ, ನಿಮ್ಮ ಮೇಲೆ ಏನು ಸಿಟ್ಟಿತ್ತು ಅವನಿಗೆ" ಅಂದ. ಹೊಸದು ಮಾಡುತ್ತಿದ್ದಾನೆ.

ಸಂಜೆ ಕೆಲಸದಿಂದ ಬಂದ ಮೇಲೆ ಆ ಹುಡುಗನೇ ನನಗೆ ಆ ಪುಸ್ತಕ ಓದಿ ಹೇಳುತ್ತಾನೆ, ಮೊದಲಿನಿಂದ, ಇಂಗ್ಲಿಷಿನಲ್ಲಿ ಒಂದು ಸಾಲು, ನಮ್ಮ ಮಾತಿನಲ್ಲಿ ಒಂದು ಸಾಲು. ನಿನ್ನಷ್ಟು ಚೆನ್ನಾಗಿ ಹೇಳಲು ಬರಲ್ಲ. ನಾಚಿಕೆಯ ಜಾಗ ಬಂದರೆ ಅವನ ಕಿವಿ ಕೆಂಪಾಗುತ್ತದೆ, ಧ್ವನಿ ಸಣ್ಣದಾಗುತ್ತದೆ, ಆದರೆ ಬಿಡುವುದಿಲ್ಲ. ನಾನೂ ತಲೆ ತಗ್ಗಿಸಿಕೊಂಡು ಕೇಳುತ್ತೇನೆ. ಗೂಬೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುತ್ತಾನೆ. ನಿನ್ನೆ ಒಂದು ಕಡೆ ಇವನು ತಪ್ಪು ಹೇಳಿದಾಗ, ಪಾತ್ರೆ ಸದ್ದು ನಿಂತು, ಅಲ್ಲಿಂದಲೇ ಸರಿಯಾದದ್ದು ಬಂತು.

ನೀನು ಮಾಡಿದ ಪುಟಗಳನ್ನು ಗೂಬೆ ಕೇಳಿದ. ಕೊಟ್ಟೆ. ಕುದುರೆಯ ಕ್ಷೌರ ಓದಿ ಒಮ್ಮೆ ನಕ್ಕ. ಮುಂದೆ ಓದುತ್ತಾ ಹೋದ ಹಾಗೆ ಮುಖ ಬೇರೆಯಾಯಿತು. ಮುಗಿಸಿ, "ಅತ್ತೆ ಹೇಳಿರ್ತಾರೆ, ಮಾಮನಿಗೆ ಮೊದಲಿಂದ ಗೊತ್ತಿತ್ತು. ಅತ್ತೆ ತೀರಿಕೊಂಡಾಗ ಬಂದಿದ್ನಲ್ಲ, ಹೆಗಲ ಮೇಲೆ ಕೈ ಹಾಕ್ಕೊಂಡು ಕೂರಿಸಿಕೊಂಡಿದ್ರು. ಆಗಲೂ ಗೊತ್ತಿತ್ತು. ಗೊತ್ತಿದ್ದೂ ಈ ಮನುಷ್ಯನ್ನ ಹೆಂಗಸು ಮಾಡಿದ್ರು" ಅಂದ. ಸಿಟ್ಟಿನಲ್ಲಿ ಅಂದಿದ್ದರೆ ನನಗೆ ಇಷ್ಟು ಅನ್ನಿಸುತ್ತಿರಲಿಲ್ಲ.

ಅದಕ್ಕೆ ನಾನು ನಿನ್ನ ಪರವಾಗಿ ಏನೂ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ. ಅವನಿಗೆ ನೀನೇ ಬರಿ. ಅಕ್ಕ ತಡೆದುಕೊಳ್ಳಲಾರಳು ಎಂಬ ಕಾರಣ ಅವನಿಗೆ ಬೇಡ, ಅದು ನನ್ನ ಹೆಸರಿನಲ್ಲಿ ಮಾಡಿದ್ದು. ನಿನ್ನದು ಏನಿತ್ತು, ಅದನ್ನು ಬರಿ. ವಿಳಾಸ ಲಕೋಟೆಯ ಹಿಂದೆ ಇದೆ, ಇಬ್ಬರ ಹೆಸರನ್ನೂ ಬರೆಯಬೇಕು.

ನನಗೆ ಸದ್ಯಕ್ಕೆ ಏನೂ ಬರೆಯಬೇಡ.

ಅಕ್ಕ